ಮೊದಲ ಗೋದಿ ಯಾರದು?

ಜನರನ್ನು ದಾರಿಗೆ ತರುವುದು ಹೇಗೆ ಎಂದು ಯಾರಾದರೂ ಮೈಕಿನ ಮುಂದೆ ನಿಂತು ಹೇಳತೊಡಗಿದರೆ ನನಗೆ ಮೊದಲು ಬರುವ ಅನುಮಾನವೆಂದರೆ, ಈ ಪುಣ್ಯಾತ್ಮರು ಎಂದಾದರೂ ಹಿಟ್ಟಿನ ಗಿರಣಿ ನಡೆಸಿದ್ದಾರೆಯೇ ಎಂಬುದು. ಕುರಿ ಕಾಯುವವನಿಗೆ ಕೋಲಿದೆ, ನಾಯಿಯಿದೆ, ಒಂದು ಕುರಿ ಹಳ್ಳ ದಾಟಿದರೆ ಉಳಿದವೂ ದಾಟುತ್ತವೆ ಎಂಬ ಧೈರ್ಯವಿದೆ. ಗಿರಣಿಯವನಿಗೆ ಇದಾವುದೂ ಇಲ್ಲ. ಅವನ ಮುಂದೆ ಕೂತ ಹೆಂಗಸರಲ್ಲಿ ಒಬ್ಬೊಬ್ಬರಿಗೂ ತಮ್ಮದೇ ಬುಟ್ಟಿ, ತಮ್ಮದೇ ಲೆಕ್ಕ. ಸಾಲದ್ದಕ್ಕೆ, ಪಕ್ಕದಾಕೆ ಏನು ಲೆಕ್ಕ ಹಾಕುತ್ತಿದ್ದಾಳೆ ಎಂಬುದರ ಲೆಕ್ಕವೂ ಇರುತ್ತದೆ. ಎಂಬತ್ತರ ದಶಕದ ನಡುವಿನಲ್ಲಿ ನಾನು ಅಕ್ಕೋಳದಲ್ಲಿ ಗಿರಣಿ ಹಾಕಿದಾಗ ಇದೆಲ್ಲ ನನಗೆ ಗೊತ್ತಿರಲಿಲ್ಲ. ಮೋಟಾರು ತಿರುಗಿದರೆ ಗಿರಣಿ ನಡೆಯುತ್ತದೆ ಎಂದು ತಿಳಿದಿದ್ದೆ. ಮೋಟಾರು ಬಹಳ ಒಳ್ಳೆಯದಿತ್ತು, ಅದರ ಬಗ್ಗೆ ನನಗೆ ಇಂದಿಗೂ ಯಾವ ತಕರಾರೂ ಇಲ್ಲ.

ನಮ್ಮದು ಕೂಡುಮನೆ. ಅಣ್ಣ ಬಾಳಪ್ಪ ಹೊಲದ ಕಬ್ಬು, ಗೋದಿ ನೋಡಿಕೊಳ್ಳುತ್ತಿದ್ದ, ಎಮ್ಮೆ ನೋಡಿಕೊಳ್ಳುತ್ತಿದ್ದ, ಉಳಿದ ಹೊತ್ತಿನಲ್ಲಿ ನನ್ನನ್ನು ನೋಡಿಕೊಳ್ಳುತ್ತಿದ್ದ. ರಸ್ತೆಗೆ ಹತ್ತಿಕೊಂಡು ನಮ್ಮದೊಂದು ತಗಡಿನ ಶೆಡ್ಡಿತ್ತು. ಅದರಲ್ಲಿ ಎಮ್ಮೆ ಕಟ್ಟಬೇಕೆಂಬುದು ಅವನ ಬಹುದಿನದ ಆಸೆ, ಗಿರಣಿ ಕೂರಿಸಬೇಕೆಂಬುದು ನನ್ನದು. ಚಿಕ್ಕವನು ಹಟ ಹಿಡಿದಿದ್ದಾನೆಂದು ಅಣ್ಣ ಸೋತುಕೊಟ್ಟ. ಆದರೆ ಸೋತದ್ದನ್ನು ಮರೆಯಲಿಲ್ಲ. ದಿನಕ್ಕೊಮ್ಮೆ ಬಂದು ಬಾಗಿಲಲ್ಲಿ ನಿಂತು ಒಳಗಿನ ಜಾಗವನ್ನು ಕಣ್ಣಿನಲ್ಲೇ ಅಳೆಯುತ್ತಿದ್ದ. ಮೋಟಾರು ಇದ್ದ ಮೂಲೆಯಲ್ಲಿ ಅವನಿಗೆ ಗೌರಿ ಎಂಬ ಎಮ್ಮೆ ಕಾಣುತ್ತಿತ್ತು, ಬೀಸುವ ಕಲ್ಲಿನ ಜಾಗದಲ್ಲಿ ಮೇವು ಹಾಕುವ ಗೋದಲಿ. ಹಾಗಂತ ಅವನನ್ನು ಕೆಟ್ಟವನೆಂದು ತಿಳಿಯಬೇಡಿ. ಎಲ್ಲದರಲ್ಲೂ ಹಿರಿಯತನ ಚಲಾಯಿಸುವ ಈ ಅಣ್ಣ ಊಟದ ಹೊತ್ತಿಗೆ ಮಾತ್ರ, "ನೀ ಕುಂದರ ಮೊದಲ, ನಾ ಎಮ್ಮಿಗೆ ನೀರ ತೋರಿಸಿ ಬರ್ತೀನಿ" ಎಂದು ದಿನವೂ ನನ್ನನ್ನೇ ಮುಂದೆ ಮಾಡುತ್ತಿದ್ದ. ರಾಮ ಲಕ್ಷ್ಮಣರಲ್ಲೂ ಇಂಥ ಪ್ರೀತಿ ಇತ್ತೋ ಇಲ್ಲವೋ ಎಂದು ನಾನು ಹೆಂಡತಿಯ ಮುಂದೆ ಎಷ್ಟೋ ಸಲ ಹೇಳಿದ್ದೇನೆ. ಅವಳು ತಲೆ ಬಗ್ಗಿಸಿ ರೊಟ್ಟಿ ಬಡಿಯುತ್ತಿದ್ದಳು.

ಗಿರಣಿಯ ತೊಂದರೆ ಏನೆಂದು ಹೇಳಿಬಿಡುತ್ತೇನೆ. ನನ್ನದು ಒಂದೇ ಜೋಡಿ ಕಲ್ಲು. ಮುಂಜಾನೆ ಕರೆಂಟು ಬಂದ ಕೂಡಲೇ ಜೋಳ ಹಾಕಬೇಕು, ಏಕೆಂದರೆ ನಮ್ಮ ಕಡೆ ಜೋಳವಿಲ್ಲದೆ ಒಲೆ ಹೊತ್ತುವುದಿಲ್ಲ. ಜೋಳ ಮುಗಿದ ಮೇಲೆ ಗೋದಿಯ ಪಾಳಿ. ಆದರೆ ಕಲ್ಲಿನ ಸಂದಿಯಲ್ಲಿ, ಹಿಟ್ಟು ಬೀಳುವ ಬಟ್ಟೆಯ ಚೀಲದಲ್ಲಿ ಜೋಳದ ಹಿಟ್ಟು ಕೂತಿರುತ್ತದೆ. ಅದು ಮೊದಲು ಹಾಕಿದವರ ಗೋದಿಯೊಂದಿಗೆ ಬರುತ್ತದೆ. ಅಂಥ ಹಿಟ್ಟಿನ ಚಪಾತಿ ಲಟ್ಟಣಿಗೆಗೆ ಬಗ್ಗುವುದಿಲ್ಲ, ನಡುವೆ ಹರಿಯುತ್ತದೆ, ಬಣ್ಣವೂ ಮಬ್ಬು. ಎರಡನೆಯವರ ಹಿಟ್ಟು ಸುಮಾರು, ಮೂರನೆಯವರದ್ದು ಮಲ್ಲಿಗೆ. ಹೀಗಾಗಿ ಊರಲ್ಲಿ ಗೋದಿ ಬೀಸಿಸುವ ಹೆಂಗಸರೆಲ್ಲರಿಗೂ ಮೂರನೆಯವರಾಗಬೇಕು. ಮೊದಲನೆಯವರಿಲ್ಲದೆ ಮೂರನೆಯವರು ಹೇಗೆ ಹುಟ್ಟಬೇಕು ಎಂಬುದು ಗಿರಣಿಯವನ ತಲೆಬಿಸಿ.

ಜೋಳ ಮುಗಿಯುತ್ತಿದ್ದಂತೆ ಗಿರಣಿಯಲ್ಲಿ ಏಕಾಏಕಿ ಸೌಜನ್ಯ ತುಂಬಿಕೊಳ್ಳುತ್ತಿತ್ತು. ಮುಂಜಾನೆ ಜೋಳದ ಪಾಳಿಗಾಗಿ ಒಬ್ಬರ ಬುಟ್ಟಿಯನ್ನು ಇನ್ನೊಬ್ಬರು ಕಾಲಿನಿಂದ ಹಿಂದೆ ಸರಿಸಿದ ಅದೇ ಹೆಂಗಸರು ಈಗ "ನೀ ಹಾಕವಾ ಮೊದಲ, ನಿನಗ ಕೂಸಿನ ಮನಿ" ಎನ್ನುವರು. ಇನ್ನೊಬ್ಬಾಕೆ ಮರಾಠಿಯಲ್ಲಿ "ನಕೋ ಬಾಯಿ, ಆಧೀ ತೂ", ಎಂದರೆ ಬೇಡವ್ವ, ಮೊದಲು ನೀನೇ, ಎನ್ನುವಳು. ಅಷ್ಟು ಮರ್ಯಾದೆಯನ್ನು ನಾನು ಬೀಗರ ಮನೆಯಲ್ಲೂ ನೋಡಿಲ್ಲ. ಮೋಟಾರು ಬರಿದೇ ತಿರುಗುತ್ತಿತ್ತು, ನಾನು ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತ ನಿಲ್ಲುತ್ತಿದ್ದೆ. ಇವರ ಮರ್ಯಾದೆ ಮುಗಿಯುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಆಗ ಎಲ್ಲರೂ ಗೋದಿಯನ್ನು ಡಬ್ಬಿಗೆ ತುಂಬಿಕೊಂಡು, ನನ್ನನ್ನು ಕನಿಕರದಿಂದ ನೋಡಿ, ನಿಪ್ಪಾಣಿ ಬಸ್ಸು ಹತ್ತುತ್ತಿದ್ದರು. ಅಲ್ಲಿನ ಗಿರಣಿಗಳಲ್ಲಿ ಗೋದಿಗೆ ಬೇರೆ ಕಲ್ಲು, ಜೋಳಕ್ಕೆ ಬೇರೆ ಕಲ್ಲು.

ಅಣ್ಣ ಇದನ್ನು ನೋಡದೆ ಬಿಟ್ಟಾನೆಯೇ? ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಕೂತು ಯಾರ ಡಬ್ಬಿ ನಿಪ್ಪಾಣಿಗೆ ಹೋಯಿತೆಂದು ನೋಡುತ್ತಿದ್ದ. ಒಂದು ದಿನ ಬಂದು ನಿಧಾನವಾಗಿ ಹೇಳಿದ: "ತಮ್ಮಾ, ಇವತ್ತ ಗೋದಿ ಬಸ್ ಹತ್ತೇತಿ. ನಾಳಿ ಅದರ ಬೆನ್ನಿಗೆ ಜ್ವಾಳಾನೂ ಹತ್ತತೈತಿ. ದೀಪಾವಳಿ ಪಾಡ್ಯಾದ ತನಕ ನೋಡ್ತೀನಿ. ಅಷ್ಟರಾಗ ಈ ಡಬ್ಬಿ ಮೆರವಣಿಗಿ ನಿಲ್ಲಲಿಲ್ಲ ಅಂದ್ರ, ಪಾಡ್ಯಾದ ದಿನ ಎಮ್ಮಿಗೆ ಬಣ್ಣಾ ಹಚ್ಚಿ, ಕೋಡಿಗೆ ಗೊಂಡೆ ಕಟ್ಟಿ, ಸೀದಾ ಈ ಶೆಡ್ಡಿಗೇ ತಂದ ಕಟ್ಟತೀನಿ." ಅವನು ಸಿಟ್ಟಿನಿಂದ ಹೇಳಿದ್ದರೆ ನಾನು ತಿರುಗಿ ಮಾತಾಡುತ್ತಿದ್ದೆ. ನಗುತ್ತಾ ಹೇಳಿದ. ನನಗೆ ಅಳು ಬಂದಂತಾಯಿತು. ಆ ಗಿರಣಿಯ ಮೇಲೆ ನನಗೆ ಬಹಳ ಪ್ರೀತಿಯಿತ್ತು. ಬೆಲ್ಟಿನ ಟಪಟಪ ಸದ್ದು ಕೇಳದಿದ್ದರೆ ನನಗೆ ಅನ್ನ ಸೇರುತ್ತಿರಲಿಲ್ಲ.

ಅದೇ ಸುಮಾರಿಗೆ ಚಿಕ್ಕೋಡಿಯಲ್ಲಿ ನಮ್ಮಂಥ ಸಣ್ಣ ಉದ್ದಿಮೆಯವರಿಗಾಗಿ ಒಂದು ಶಿಬಿರ ನಡೆಯಿತು. ಚಹಾ, ಬಿಸಿ ಭಜಿ, ನಡುನಡುವೆ ಭಾಷಣ. ಅಚ್ಚುಕಟ್ಟಾಗಿ ಕ್ರಾಪು ತೆಗೆದ ಒಬ್ಬ ಸಾಹೇಬರು, "ಜನರನ್ನು ದಬ್ಬಬೇಡಿ. ಸರಿಯಾದ ಮಾಹಿತಿ ಕೊಡಿ, ಒಂದಿಷ್ಟು ಆಸೆ ತೋರಿಸಿ. ಜನ ತಾವಾಗಿಯೇ ನೀವು ಬಯಸಿದ ಕಡೆ ಹೋಗುತ್ತಾರೆ" ಎಂದರು. ನನಗೆ ಮೈ ಜುಮ್ಮೆಂದಿತು. ಮಾಹಿತಿ ಮತ್ತು ಆಸೆ. ಇಷ್ಟು ಸುಲಭದ ಎರಡು ಮಾತು ನನಗೇಕೆ ಹೊಳೆಯಲಿಲ್ಲ ಎಂದು ಭಜಿ ತಿನ್ನುವುದನ್ನೂ ಮರೆತೆ. ಪಕ್ಕದಲ್ಲಿ ಕೂತಿದ್ದ ರಾಯಬಾಗದ ಗಿರಣಿಯವರೊಬ್ಬರು ಮರೆಯಲಿಲ್ಲ, ನನ್ನ ಪಾಲಿನದನ್ನೂ ಮುಗಿಸಿದರು.

ಮಾಹಿತಿಯಿಂದ ಶುರು ಮಾಡಿದೆ. ಜನರ ಗರ್ದಿ ಕಡಿಮೆಯಿದ್ದರೆ ಜೋಳ ಬೇಗ ಮುಗಿಯುತ್ತದೆ, ಗೋದಿಯವರು ಮರ್ಯಾದೆ ಮಾಡಿಕೊಳ್ಳಲು ಹೊತ್ತು ಸಿಗುತ್ತದೆ ಎಂಬುದು ನನ್ನ ಎಣಿಕೆ. ಸಂತೆಯ ದಿನ ಊರ ಹೆಂಗಸರು ನಿಪ್ಪಾಣಿಗೆ ಹೋಗುವುದರಿಂದ ಗಿರಣಿ ಖಾಲಿ ಇರುತ್ತಿತ್ತು. ಇದು ಖರೇ ಮಾಹಿತಿ. ಎಲ್ಲರಿಗೂ ಹೇಳಿದರೆ ಬೆಲೆ ಇರುವುದಿಲ್ಲವೆಂದು ನಂಬಿಗಸ್ತರಾದ ಕೆಲವರನ್ನಷ್ಟೇ ಆರಿಸಿಕೊಂಡು, "ಸಂತಿ ದಿನ ಬರ್ರಿ, ಗಿರಣಿ ಏಕದಮ್ ಖಾಲಿ ಇರತೈತಿ. ಯಾರ ಮುಂದೂ ಹೇಳಬ್ಯಾಡ್ರಿ" ಎಂದು ಕಿವಿಯಲ್ಲಿ ಹೇಳಿದೆ. ಸಂತೆಯ ದಿನ ಬಾಗಿಲು ತೆಗೆದು ನೋಡಿದರೆ ಪಾಳಿ ರಸ್ತೆ ದಾಟಿ ಎದುರಿನ ಬೇವಿನ ಮರದವರೆಗೆ ಹೋಗಿತ್ತು. ಹಿಂದೆಂದೂ ಗಿರಣಿಯ ಮುಖ ನೋಡದವರೂ ಬಂದಿದ್ದರು. ಒಬ್ಬೊಬ್ಬರೂ ನನ್ನನ್ನು, ಇವನು ನನಗೊಬ್ಬಳಿಗೇ ಹೇಳಿದ್ದನಲ್ಲ ಎಂಬಂತೆ ನೋಡುತ್ತಿದ್ದರು. ಮರುದಿನ, ಸಂತೆಯ ಮರುದಿನವೇ ಗಿರಣಿ ಖಾಲಿ ಹೊಡೆಯಿತು. ಆ ಮಾಹಿತಿಯನ್ನು ನಾನು ಯಾರಿಗೂ ಹೇಳಲಿಲ್ಲ.

ಆಮೇಲೆ ಆಸೆ. ಶಾಲೆಯಿಂದ ಹಳೆಯ ಕರಿಹಲಗೆ ತಂದು ಬಾಗಿಲಿಗೆ ತೂಗುಹಾಕಿ, "ಮೊದಲು ಗೋದಿ ಹಾಕುವವರಿಗೆ ಬೀಸುವುದು ಪುಕ್ಕಟೆ" ಎಂದು ದುಂಡಗೆ ಬರೆದೆ. ಓದು ಬರುವವರು ಬಾರದವರಿಗೆ ಓದಿ ಹೇಳಿದರು. ಅಕ್ಕಪಕ್ಕದಲ್ಲಿ ಗುಜುಗುಜು ಎದ್ದಿತು. ನಮ್ಮ ಓಣಿಯ ಸುಂದ್ರವ್ವ, ನನ್ನ ಮದುವೆಯ ಊಟದ ಹಂತಿಯಲ್ಲಿ ನಿಂತು ಹೋಳಿಗೆಗೆ ತುಪ್ಪ ಬಡಿಸಿದ ಹಿರಿಯಳು, ಎಲ್ಲರ ಪರವಾಗಿ ಕೇಳಿದಳು:

"ಅಲ್ಲೋ ತಮ್ಮಾ, ನಿಮ್ಮಪ್ಪನ ಕಾಲದಿಂದ ನಿಮ್ಮ ಮನ್ಯಾಗ ಪುಕ್ಕಟ ಒಂದ ಕಬ್ಬಿನ ಗಣಿಕಿ ಸಿಕ್ಕಿಲ್ಲ. ಇವತ್ತ ಪುಕ್ಕಟ ಬೀಸಿ ಕೊಡ್ತೀನಿ ಅಂದ್ರ, ಆ ಕಲ್ಲಿನ್ಯಾಗ ಜ್ವಾಳ ಎಷ್ಟ ಕುಂತಿರಬೇಕು?"

ಅಲ್ಲಿಯವರೆಗೆ ಮುಷ್ಟಿಯಷ್ಟು ಜೋಳವೆಂದು ತಿಳಿದಿದ್ದವರು ಈಗ ಸೇರುಗಟ್ಟಲೆ ಇರಬೇಕೆಂದು ನಂಬಿದರು. ಎರಡನೆಯ ಪಾಳಿಗೂ ಒಪ್ಪುತ್ತಿದ್ದ ಒಬ್ಬಿಬ್ಬರು ಕೂಡ ತಮ್ಮ ಬುಟ್ಟಿಯನ್ನು ಮಡಿಲ ಹತ್ತಿರ ಎಳೆದುಕೊಂಡರು. ನಾನು ಹಲಗೆ ಒರೆಸಿದೆ. ಒರೆಸಿದ್ದಕ್ಕೂ ಅರ್ಥ ಹಚ್ಚಿದರು, ಕಲ್ಲು ಕೆಟ್ಟಿರಬೇಕು ಎಂದು.

ಕೊನೆಗೆ ಸಾಹೇಬರ ಮಾತನ್ನು ಬದಿಗಿಟ್ಟು ದಬ್ಬಿಯೇ ನೋಡೋಣವೆಂದು ಕಾಯಿದೆ ಮಾಡಿದೆ. ಗೋದಿಯ ಬುಟ್ಟಿಗಳನ್ನು ಸಾಲಾಗಿ ಇಡಬೇಕು, ಸಾಲಿನಲ್ಲಿ ಮುಂದಿದ್ದ ಬುಟ್ಟಿಯನ್ನು ನಾನೇ ಎತ್ತಿ ಸುರಿಯುತ್ತೇನೆ, ಯಾರೂ ತಕರಾರು ಮಾಡುವಂತಿಲ್ಲ. ಮರುದಿನ ಜೋಳ ಮುಗಿಸಿ, ಬೆಲ್ಟಿಗೆ ಮೇಣ ಹಚ್ಚಿ, ಅಂಗಳಕ್ಕೆ ಬಂದು ನೋಡಿದೆ. ಬುಟ್ಟಿಗಳಿದ್ದವು, ಅಂಚಿಗೆ ಅಂಚು ತಾಗಿಸಿ ಶಿಸ್ತಾಗಿಯೇ ಇದ್ದವು. ಆದರೆ ಲೈಟಿನ ಕಂಬದ ಸುತ್ತ ದುಂಡಗೆ ಇಟ್ಟಿದ್ದರು. ನಾನು ಒಂದು ಸುತ್ತು ಹಾಕಿದೆ, ಇನ್ನೊಂದು ಸುತ್ತು ಹಾಕಿದೆ. ಎಲ್ಲಿಂದ ಶುರು ಮಾಡಿದರೂ ಆ ಬುಟ್ಟಿಯ ಮುಂದೆ ಇನ್ನೊಂದು ಬುಟ್ಟಿ ಇರುತ್ತಿತ್ತು. ಹೆಂಗಸರು ನೆರಳಿನಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ನೋಡುತ್ತಿದ್ದರು. "ಸಾಲ ಬರೋಬರಿ ಐತಲ್ರಿ ಅಣ್ಣಾರ?" ಎಂದು ಒಬ್ಬಾಕೆ ವಿನಯದಿಂದ ಕೇಳಿದಳು. ದೇವಸ್ಥಾನದಲ್ಲಿ ನಾನು ಅಷ್ಟು ಭಕ್ತಿಯಿಂದ ಪ್ರದಕ್ಷಿಣೆ ಹಾಕಿದ್ದಿಲ್ಲ.

ಮನೆಯದೇ ಒಂದಿಷ್ಟು ಗೋದಿ ಸುರಿದು ಕಲ್ಲು ತೊಳೆದುಬಿಡಬಾರದೇ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಶಾಂತಾ ಕೂಡ ಕೇಳಿದಳು. "ದಿನಾ ಒಂದ ಸೇರ ಗೋದಿ ನಮ್ಮದ ಹಾಕೂಣಲ್ರಿ, ಯಾರರ ಒಬ್ರು ಮೊದಲ ಆಗಬೇಕಲ್ಲ." ನಾನು ಅವಳಿಗೆ ಶಿಬಿರದ ಭಾಷಣವನ್ನು ಪೂರ್ತಿ ಒಪ್ಪಿಸಿದೆ. ಮಾಲಕನೇ ಬಗ್ಗಿದರೆ ಜನ ತಲೆಯ ಮೇಲೆ ಕೂಡುತ್ತಾರೆ, ಜನರ ಬುದ್ಧಿಯನ್ನೇ ತಿರುಗಿಸಬೇಕು, ಇದು ನಿನಗೆ ತಿಳಿಯುವ ವಿಷಯವಲ್ಲ ಎಂದೆ. ಒಳಗಿನ ಮಾತೆಂದರೆ ಆ ಮಬ್ಬು ಚಪಾತಿ ನನಗೂ ಬೇಡವಾಗಿತ್ತು. ಹಾಗೆ ನೋಡಿದರೆ ಅಂಗಳದಲ್ಲಿ ಬುಟ್ಟಿ ದುಂಡಗಿಟ್ಟವರಿಗೂ ನನಗೂ ಏನೂ ಫರಕಿರಲಿಲ್ಲ. ಶಾಂತಾ, "ಹೌದೇನ್ರಿ, ಹಂಗಾರ ಬಿಡ್ರಿ" ಎಂದು ಎದ್ದು ಹೋದಳು. ಮದುವೆಯಾಗಿ ಅಷ್ಟು ವರ್ಷವಾದ ಮೇಲೂ ಆ "ಬಿಡ್ರಿ"ಯನ್ನು ನಾನು ಒಪ್ಪಿಗೆಯೆಂದೇ ತಿಳಿಯುತ್ತಿದ್ದೆ.

ಅದಾದ ಕೆಲವೇ ದಿನಕ್ಕೆ ಪವಾಡ ನಡೆಯಿತು. ನಾನು ಮನಸ್ಸು ಕೆಟ್ಟು ಹಲಗೆಯ ಮೇಲೆ "ಮೊದಲು ಮುಂದೆ ಬರುವವರೇ ಊರಿಗೆ ಹಿರಿಯರು" ಎಂದು ಬರೆದಿದ್ದೆ. ಅಂದು ಜೋಳ ಮುಗಿಯುತ್ತಲೇ ಸುಂದ್ರವ್ವ ಎದ್ದು ಬಂದು, ಒಂದು ಸಣ್ಣ ಬುಟ್ಟಿ ಗೋದಿಯನ್ನು ಮುಂದೆ ಚಾಚಿ, "ಹಾಕ ತಮ್ಮಾ" ಎಂದಳು. ನನ್ನ ಕಿವಿಯನ್ನು ನಾನು ನಂಬಲಿಲ್ಲ. ಗೋದಿ ಸುರಿದೆ. ಅವಳ ಹಿಂದೆ ಎರಡನೆಯವಳು ಬಂದಳು, ಮೂರನೆಯವಳಾಗಲು ಸಣ್ಣ ಜಗಳವೇ ಆಯಿತು, ಕರೆಂಟು ಹೋಗುವಷ್ಟರಲ್ಲಿ ಅಂಗಳ ಖಾಲಿ. ಮರುದಿನವೂ ಸುಂದ್ರವ್ವ. ಅದರ ಮರುದಿನವೂ. ಒಂಟಿ ಜೀವ ದಿನಾ ಅಷ್ಟು ಗೋದಿ ಹಿಟ್ಟನ್ನು ಏನು ಮಾಡುತ್ತಾಳೆ ಎಂಬ ಪ್ರಶ್ನೆ ನನಗೆ ಬರಲಿಲ್ಲ. ಗೆದ್ದವನಿಗೆ ಪ್ರಶ್ನೆಗಳು ಬರುವುದಿಲ್ಲ. ನಿಪ್ಪಾಣಿ ಬಸ್ಸಿಗೆ ಹತ್ತುವ ಡಬ್ಬಿಗಳು ಕಡಿಮೆಯಾದವು. ಅಣ್ಣ ಕಟ್ಟೆಯ ಮೇಲೆ ಕೂತು ಬೇಸರದಿಂದ ಆಕಳಿಸತೊಡಗಿದ.

ಸುಂದ್ರವ್ವನನ್ನು ನಾನು ಕಂಡಕಂಡಲ್ಲಿ ಹೊಗಳಿದೆ. ಚಿಕ್ಕೋಡಿಯ ಶಿಬಿರದವರು ಮತ್ತೊಮ್ಮೆ ಕರೆದಾಗ ವೇದಿಕೆ ಹತ್ತಿ, ಒಂದು ಸಾಲಿನ ಮಾತಿನಿಂದ ಒಬ್ಬ ಹಿರಿಯಳ ಮನಸ್ಸು ಹೇಗೆ ತಿರುಗಿತು, ಅವಳ ಹಿಂದೆ ಇಡೀ ಊರು ಹೇಗೆ ತಿರುಗಿತು ಎಂದು ಕೈ ಬೀಸಿ ಬೀಸಿ ಹೇಳಿದೆ. ಚಪ್ಪಾಳೆ ಬಿತ್ತು. ಕ್ರಾಪಿನ ಸಾಹೇಬರು ನನ್ನ ಬೆನ್ನು ತಟ್ಟಿದರು. ಕೆಳಗಿಳಿದಾಗ ರಾಯಬಾಗದವರು ಭಜಿ ಅಗಿಯುತ್ತ, "ಎಲ್ಲಾ ಖರೆ ಅನ್ರಿ. ಆ ಸುಂದ್ರವ್ವ ನಮ್ಮ ಊರಿಗೂ ಒಂದ ತಿಂಗಳ ಬಂದ ಹೋಗ್ತಾಳೇನ್ರಿ?" ಎಂದರು. ಅವರಿಗೆ ತತ್ವ ತಿಳಿಯಲಿಲ್ಲವೆಂದು ನನಗೆ ಪಾಪ ಅನಿಸಿತು.

ಈ ಗೆಲುವಿನ ದಿನಗಳಲ್ಲಿ ಮನೆಯ ಊಟ ಮಾತ್ರ ಯಾಕೋ ಕೆಡುತ್ತ ಬಂತು. ಹಬ್ಬಕ್ಕೋ ಬೀಗರಿಗೋ ಕಾಣುತ್ತಿದ್ದ ಚಪಾತಿ ದಿನವೂ ತಾಟಿಗೆ ಬರತೊಡಗಿತು. ಗಿರಣಿಯ ಐಶ್ವರ್ಯವೆಂದು ಮೊದಲು ಹಿಗ್ಗಿದೆ. ಆದರೆ ಆ ಚಪಾತಿ ಮಬ್ಬಾಗಿ, ನಡುವೆ ಹರಿದು, ಪಲ್ಯ ಹಿಡಿಯಲು ಹೋದರೆ ಪುಡಿಯಾಗುತ್ತಿತ್ತು. "ಅಣ್ಣಾ, ಈ ಸಲ ನಿನ್ನ ಹೊಲದ ಗೋದಿ ಸುಮಾರ ಐತಿ" ಎಂದೆ. "ಗೋದಿ ಚಲೋನ ಐತಿ. ನಿನ್ನ ಕಲ್ಲ ಸುಮಾರ ಅದಾವ" ಎಂದು ಅವನು ತಿರುಗಿಸಿದ. ಜೊತೆಗೆ ಅವನದೊಂದು ಬೇರೆಯೇ ತಕರಾರಿತ್ತು. ಎಮ್ಮೆಗಳು ಮೊದಲಿನಷ್ಟೇ ಹಾಲು ಕೊಡುತ್ತಿದ್ದವು, ಆದರೆ ಮನೆಯ ಮಜ್ಜಿಗೆ ತೆಳ್ಳಗಾಗಿತ್ತು. ಗೌರಿಗೆ ಬೇನೆಯಿರಬೇಕೆಂದು ದನದ ಡಾಕ್ಟರನ್ನು ಕರೆಸಿದ. ಅವರು ಎಮ್ಮೆಯನ್ನು ನೋಡಿ, ಒಂದು ಲೋಟ ಮಜ್ಜಿಗೆಯನ್ನೂ ಕುಡಿದು, "ಎಮ್ಮಿಗೆ ಏನೂ ಆಗಿಲ್ಲ" ಎಂದು ಹೋದರು. ಮಜ್ಜಿಗೆ ಕಡೆಯುವ ವೈನಿ, ಎಂದರೆ ಅಣ್ಣನ ಹೆಂಡತಿ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಕೆಮ್ಮು ಬಂದಿರಬೇಕೆಂದು ತಿಳಿದೆ.

ದೀಪಾವಳಿ ಬಂತು. ಪಾಡ್ಯಕ್ಕೆ ಇನ್ನೊಂದೇ ದಿನ. ಆ ಮುಂಜಾನೆ ಗಿರಣಿಯ ಅಂಗಳದಲ್ಲಿ ಇಡೀ ಅಕ್ಕೋಳವೇ ನೆರೆದಿತ್ತು. ಕರಜಿಕಾಯಿಗೆ, ಹೋಳಿಗೆಗೆ, ಬೀಗರಿಗೆ ಎಂದು ಎಲ್ಲರಿಗೂ ಗೋದಿ ಹಿಟ್ಟು ಬೇಕು, ಅದೂ ಮಲ್ಲಿಗೆಯಂಥದ್ದು. ಅಣ್ಣ ಸುಮ್ಮನೆ ಬರದೆ ಎಮ್ಮೆಯ ಕೋಡಿಗೆ ಹಚ್ಚುವ ಬಣ್ಣದ ಡಬ್ಬಿ ಹಿಡಿದುಕೊಂಡೇ ಬಂದು ಬಾಗಿಲಲ್ಲಿ ಕೂತಿದ್ದ. ಕೂರಲಿ ಎಂದುಕೊಂಡೆ. ಜೋಳ ಮುಗಿಯಿತು. ನಾನು ಕೈ ಒರೆಸಿಕೊಂಡು ಸುಂದ್ರವ್ವನಿಗಾಗಿ ಕತ್ತು ಎತ್ತಿದೆ. ಸುಂದ್ರವ್ವ ಇರಲಿಲ್ಲ.

"ಆಕಿ ಕಾಗವಾಡಕ್ಕ ಹೋಗ್ಯಾಳ್ರಿ" ಎಂದು ಯಾರೋ ಹೇಳಿದರು. "ಮಗಳ ಬಾಳಂತನ. ನಿನ್ನಿ ಸಂಜೀಗೆ ಹೋದ್ಲು."

ಅಂಗಳದಲ್ಲಿ ಹಳೆಯ ಸೌಜನ್ಯ ಮರಳಿ ಬಂತು. ನೀ ಹಾಕವಾ, ನಕೋ ಬಾಯಿ, ನಿನಗ ಬೀಗರು ಬರ್ತಾರ, ನಿಮ್ಮದ ದೊಡ್ಡ ಮನಿ. ನಾನು ಹಲಗೆಯ ಕಡೆ ಕೈ ತೋರಿಸಿದೆ, ಊರಿಗೆ ಹಿರಿಯರೆಂದು ಗಟ್ಟಿಯಾಗಿ ಓದಿದೆ. ಯಾರಿಗೂ ಹಿರಿಯರಾಗುವ ಮನಸ್ಸಿರಲಿಲ್ಲ, ಒಬ್ಬಾಕೆ ತನಗಿನ್ನೂ ವಯಸ್ಸಾಗಿಲ್ಲವೆಂದು ಸಿಟ್ಟಾದಳು. ಹಿಂದಿನ ಸಾಲಿನವರು ನಿಪ್ಪಾಣಿ ಬಸ್ಸಿನ ಹೊತ್ತು ಕೇಳತೊಡಗಿದರು. ಬುಟ್ಟಿಗಳು ಒಂದೊಂದಾಗಿ ಕಂಬದ ಕಡೆ ಸರಿಯುತ್ತಿದ್ದವು. ಅಣ್ಣ ಬಣ್ಣದ ಡಬ್ಬಿಯ ಮುಚ್ಚಳ ತೆಗೆದು ಕಡ್ಡಿಯಿಂದ ತಿರುವಿದ. ಇದೇ ಕೊನೆ, ನಾಳೆ ಈ ಹೊತ್ತಿಗೆ ಇಲ್ಲಿ ಗೌರಿ ಮೆಲುಕು ಹಾಕುತ್ತಿರುತ್ತಾಳೆ ಎಂದುಕೊಂಡೆ.

ಆಗ ಓಣಿಯ ಕಡೆಯಿಂದ ಶಾಂತಾ ಬಂದಳು. ತಲೆಯ ಮೇಲೆ ಸೆರಗು, ಸೊಂಟದ ಮೇಲೆ ಬುಟ್ಟಿ. ಆ ಬುಟ್ಟಿಯನ್ನು ನಾನು ಎಲ್ಲಿಯಾದರೂ ಗುರುತಿಸುತ್ತಿದ್ದೆ, ದಿನಾ ಸುಂದ್ರವ್ವನ ಕೈಯಲ್ಲಿ ನೋಡಿದ್ದೆ. ಅವಳು ನನ್ನ ಕಡೆ ನೋಡದೆ ನೇರ ಒಳಗೆ ಬಂದು ಗೋದಿಯನ್ನು ತಾನೇ ಸುರಿದಳು. ಕಲ್ಲು ಗರಗರ ಎಂದಿತು. ಹಿಂದಿದ್ದ ಹೆಂಗಸರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ.

"ಇವತ್ತ ಖುದ್ದ ಬಂದ್ಯೇನ ಬೇ ಶಾಂತಾ?" ಎಂದು ಒಬ್ಬಾಕೆ ತನ್ನ ಬುಟ್ಟಿ ಎತ್ತುತ್ತ ಕೇಳಿದಳು.

"ಏನ್ ಮಾಡೂದ, ಸುಂದ್ರಕ್ಕ ಊರಾಗಿಲ್ಲ."

"ಹಂಗಾರ ಆಕಿ ಪಾಲಿನ ಗಟ್ಟಿ ಮಜ್ಜಿಗಿ ಇವತ್ತ ನನಗ ಕೊಡ ಮತ್ತ" ಎಂದು ಇನ್ನೊಬ್ಬಾಕೆ ಅಂದಳು. ಅಂಗಳವೆಲ್ಲ ನಕ್ಕಿತು.

ನಾನು ಹಿಟ್ಟಿನ ಚೀಲ ಹಿಡಿದು ನಿಂತಲ್ಲೇ ನಿಂತಿದ್ದೆ. ಮಬ್ಬು ಚಪಾತಿ, ತೆಳ್ಳನೆಯ ಮಜ್ಜಿಗೆ, ವೈನಿಯ ಕೆಮ್ಮು ಎಲ್ಲ ಒಂದರ ಹಿಂದೊಂದು ಬಂದು ಸಾಲಾಗಿ ನಿಂತವು. ಮನೆಯ ಗೋದಿ ಸುಂದ್ರವ್ವನ ಕೈಯಲ್ಲಿ ಗಿರಣಿಗೆ ಬಂದು, ಹಿಟ್ಟಾಗಿ ನನ್ನ ತಾಟಿಗೇ ಹೋಗುತ್ತಿತ್ತು. ತಂದ ಕೂಲಿಗೆ ಸುಂದ್ರವ್ವನಿಗೆ ನೀರು ಬೆರೆಸದ ಒಂದು ತಂಬಿಗೆ ಮಜ್ಜಿಗೆ, ನೀರು ಬೆರೆಸಿದ್ದು ಮಾಲಕರಿಗೆ. ಇಡೀ ಅಕ್ಕೋಳಕ್ಕೆ ಗೊತ್ತಿತ್ತು. ಊರಿಗೆ ಮಾಹಿತಿ ಕೊಡುತ್ತ ತಿರುಗಿದ ನನಗೊಬ್ಬನಿಗೆ ಈ ಮಾಹಿತಿ ಬಂದಿರಲಿಲ್ಲ. ಚಿಕ್ಕೋಡಿಯ ವೇದಿಕೆ ನೆನಪಾಗಿ ಕಿವಿ ಬಿಸಿಯಾದವು. ಆದರೂ ಗೋದಿ ಒಂದರ ಹಿಂದೊಂದು ಕಲ್ಲಿಗೆ ಬೀಳುತ್ತಿದ್ದ ಸದ್ದು ಕೇಳಿ ಆದ ಸಂತೋಷವನ್ನು ಮುಚ್ಚಿಡಲು ನನ್ನಿಂದಾಗಲಿಲ್ಲ. ಅಂದು ಒಂದು ಡಬ್ಬಿಯೂ ಬಸ್ಸು ಹತ್ತಲಿಲ್ಲ.

ಅಣ್ಣ ಎದ್ದು ಬಣ್ಣದ ಡಬ್ಬಿಯ ಮುಚ್ಚಳ ಹಾಕಿದ. ಆಮೇಲೆ ಅಂದ: "ಅಂದ್ರ ಇಷ್ಟ ದಿನ ಈ ಗಿರಣಿ ನಡಿಸಿದ್ದು ನನ್ನ ಎಮ್ಮಿ."

"ಹೌದ್ರಿ ಭಾವಾರ" ಎಂದಳು ಶಾಂತಾ.

"ಹಂಗಾರ ಶೆಡ್ಡಿನ್ಯಾಗ ಅವಕ್ಕೂ ಪಾಲ ಬರಬೇಕು."

ಹೀಗೆ ಗಿರಣಿ ಉಳಿಯಿತು. ಅದರ ಹಿಂದಿನ ಗೋಡೆಗೆ ಒಂದು ಚಪ್ಪರ ಇಳಿಸಿ ಎಮ್ಮೆಗಳಿಗೆ ಜಾಗ ಮಾಡಿದೆವು. ಪಾಡ್ಯದ ದಿನ ಕೋಡಿಗೆ ಬಣ್ಣ ಬಳಿದುಕೊಂಡ ಗೌರಿಯನ್ನು ಊರೆಲ್ಲ ತಿರುಗಿಸಿ ತಂದು ಅಣ್ಣ ನನ್ನ ಮೋಟಾರಿನ ಬೆನ್ನಿಗೆ ಕಟ್ಟಿದ. ಬೆಲ್ಟಿನ ಸದ್ದಿಗೆ ಅದು ಬೆದರಲಿಲ್ಲ. ತನ್ನದೇ ಗಿರಣಿಯೆಂಬಂತೆ ನಿಂತಿತು.

ಕತೆ ಇಲ್ಲಿಗೇ ಮುಗಿದಿದ್ದರೆ ನನಗೆ ಒಳ್ಳೆಯದಿತ್ತು. ಆದರೆ ಮೋಸ ಹೋದವನಿಗೆ ಒಮ್ಮೆ ಕಣ್ಣು ತೆರೆದರೆ ಮತ್ತೆ ಮುಚ್ಚಲು ಬರುವುದಿಲ್ಲ. ಹಬ್ಬ ಮುಗಿದ ಮರುದಿನ ಮಧ್ಯಾಹ್ನ ಅಣ್ಣ ಎಂದಿನಂತೆ "ನೀ ಕುಂದರ ಮೊದಲ" ಎಂದ. ನಾನು ಕೂತೆ. ಶಾಂತಾ ಹಂಚಿನಿಂದ ಇಳಿಸಿದ ಮೊದಲ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು. ಅದು ಯಾವತ್ತಿನ ಹಾಗೆ ಅಂದೂ ಉಬ್ಬಿರಲಿಲ್ಲ, ಅಂಚು ಹಸಿ, ನಡುವೆ ಹಂಚಿಗೆ ಹತ್ತಿ ಕಿತ್ತು ಬಂದಿತ್ತು. ಹಂಚು ಪೂರ್ತಿ ಕಾಯುವ ಮೊದಲು ಹಾಕಿದ ರೊಟ್ಟಿ ಹಾಗೇ ಇರುತ್ತದೆ. ಮೊದಲ ರೊಟ್ಟಿ ಯಜಮಾನರಿಗೆ ಎಂಬ ಮರ್ಯಾದೆಯಿಂದ ನಾನು ಮದುವೆಯಾದಂದಿನಿಂದ ಅದನ್ನೇ ತಿಂದಿದ್ದೇನೆ. ನಾನು ರೊಟ್ಟಿಯನ್ನು ನೋಡಿದೆ, ಹೆಂಡತಿಯನ್ನು ನೋಡಿದೆ, ಎಮ್ಮೆಗೆ ನೀರು ತೋರಿಸುವ ನೆವದಲ್ಲಿ ಬಾಗಿಲ ಮರೆಯಲ್ಲಿ ಎರಡನೆಯ ರೊಟ್ಟಿಗಾಗಿ ಕಾಯುತ್ತಿದ್ದ ಅಣ್ಣನೆಂಬ ರಾಮಚಂದ್ರನನ್ನು ನೋಡಿದೆ.

"ಮೊದಲ ರೊಟ್ಟಿ ನನಗ ಯಾಕ ಹಾಕ್ತಿ?" ಎಂದೆ.

"ಯಜಮಾನ್ರಿಗೆ ಹಾಕಬೇಕಂತ ನಮ್ಮವ್ವ ಹೇಳ್ಯಾಳ್ರಿ."

"ಯಾಕ ಅಂತ ಹೇಳ್ಯಾಳೇನು?"

"ಅದನ್ನ ಅವರು ಕೇಳೂದಿಲ್ಲ ಅಂತ ಹೇಳಿದ್ಲು" ಎಂದಳು.

ಮರುದಿನ ನಾನು ಗಟ್ಟಿ ನಿರ್ಧಾರ ಮಾಡಿಕೊಂಡು ಬಂದೆ. ಅಣ್ಣ "ನೀ ಕುಂದರ" ಎಂದ. "ಇಲ್ಲಣ್ಣಾ, ಹಿರ್ಯಾರು ನೀವು, ನೀವ ಮೊದಲ" ಎಂದೆ. ಅವನು ಕಂಬಕ್ಕೆ ಒರಗಿ ನಿಂತ, ನಾನು ಎದುರಿನ ಕಂಬಕ್ಕೆ ಒರಗಿದೆ. ನೀನು ದಣಿದಿದ್ದೀ ಎಂದ ಅವನು. ನಿಮಗೆ ವಯಸ್ಸಾಯಿತು ಎಂದೆ ನಾನು. ನಡುಮನೆಯಲ್ಲಿ ಗಿರಣಿಯ ಅಂಗಳದಷ್ಟೇ ಸೌಜನ್ಯ ತುಂಬಿತು. ಒಲೆಯ ಮುಂದೆ ರೊಟ್ಟಿ ಆರುತ್ತಿತ್ತು. ಶಾಂತಾ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ವೈನಿಯ ಕಡೆ ತಿರುಗಿ, ನಮಗೆ ಕೇಳುವಷ್ಟೇ ಮೆಲ್ಲಗೆ ಹೇಳಿದಳು: "ಅಕ್ಕಾರ, ಇವತ್ತ ಮೊದಲ ಕುಂತವರಿಗೆ ಬೆಣ್ಣಿ ಹಾಕೂಣಲ್ಲ?"

ಬೆಣ್ಣೆ ಹಾಕುತ್ತಾರೆಂದರೆ ರೊಟ್ಟಿಯಲ್ಲಿ ಏನೋ ಇರಲೇಬೇಕು. ಅಂಗಳದ ಹೆಂಗಸರಾಗಿದ್ದರೆ ಇಷ್ಟು ಕೇಳಿದ್ದೇ ತಾಟು ಮಡಿಲಿಗೆ ಎಳೆದುಕೊಳ್ಳುತ್ತಿದ್ದರು. ಎಲ್ಲ ತಿಳಿದೂ ತಿಳಿದೂ, ಅಣ್ಣ ಕಂಬ ಬಿಟ್ಟು ಬರುವ ಮೊದಲೇ ನಾನು ಹೋಗಿ ಕೂತುಬಿಟ್ಟೆ. ರೊಟ್ಟಿ ಹಸಿಯಾಗಿತ್ತು. ಬೆಣ್ಣೆ ಮಾತ್ರ ಚೆನ್ನಾಗಿತ್ತು.